ಚೈನ್ ಸಾ: ಹಿಡಿಯುವ ಕ್ರಮ, ಎತ್ತಿಡುವ ಕ್ರಮ

ಪೂರ್ತಿ ರೇಸ್ ಕೊಟ್ಟಾಗ ಚೈನ್ ಸಾದ ಹಲ್ಲುಗಳು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತವೆ, ದೊಡ್ಡ ಯಂತ್ರಗಳಲ್ಲಿ ಇನ್ನೂ ಹೆಚ್ಚು. ಬಾರ್‌ನ, ಅಂದರೆ ಚೈನು ಸುತ್ತುವ ಉದ್ದನೆಯ ಲೋಹದ ಪಟ್ಟಿಯ, ತುದಿ ಎಲ್ಲಾದರೂ ತಗುಲಿ ಯಂತ್ರ ಮುಖದ ಕಡೆಗೆ ಚಿಮ್ಮಿದರೆ, ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಹೊತ್ತಿನಲ್ಲಿ ಎಲ್ಲವೂ ಮುಗಿದಿರುತ್ತದೆ. ಕೈ ಹಿಂದಕ್ಕೆಳೆದುಕೊಳ್ಳುವುದಿರಲಿ, ಏನಾಯಿತೆಂದು ಗೊತ್ತಾಗುವಷ್ಟು ಸಮಯವೂ ಸಿಗುವುದಿಲ್ಲ. ಇಲ್ಲಿ ಚುರುಕುತನ ಉಪಯೋಗಕ್ಕೆ ಬರುವುದಿಲ್ಲ, ಮೊದಲೇ ಮಾಡಿಟ್ಟ ತಯಾರಿ ಬರುತ್ತದೆ. ಆ ತಯಾರಿಯ ದೊಡ್ಡ ಪಾಲು ನಡೆಯಬೇಕಾದದ್ದು ಹಿಂದಿನ ಸಲ ಕೆಲಸ ಮುಗಿಸಿ ಯಂತ್ರವನ್ನು ಎತ್ತಿಟ್ಟಾಗಲೇ. ಮೊಂಡು ಹಲ್ಲು, ಹೊಟ್ಟು ಕಟ್ಟಿದ ಬ್ರೇಕು, ಎಣ್ಣೆ ಬಾರದ ಬಾರ್, ಹಳಸಿದ ಪೆಟ್ರೋಲು ಇವೆಲ್ಲ ಮೂಲೆಯಲ್ಲಿ ಕೂತಾಗ ಹುಟ್ಟಿ, ಮರಕ್ಕೆ ತಗುಲಿಸಿದಾಗ ಕಾಣಿಸಿಕೊಳ್ಳುವ ತೊಂದರೆಗಳು.

ಮುಂದೆ ಹೇಳಿರುವುದು ಹೆಚ್ಚಾಗಿ ಪೆಟ್ರೋಲ್ ಯಂತ್ರದ ಬಗ್ಗೆ. ನಿಂತ ಮರ ಉರುಳಿಸುವ ವಿಷಯ ಇಲ್ಲಿಲ್ಲ. ಅದು ಓದಿ ಮಾಡುವ ಕೆಲಸವಲ್ಲ, ಬಲ್ಲವರ ಜೊತೆಗಿದ್ದು ಕಲಿಯಬೇಕಾದದ್ದು. ಬಿದ್ದ ದಿಮ್ಮಿ, ಕೊಂಬೆಗಳನ್ನು ತುಂಡು ಮಾಡುವಷ್ಟಕ್ಕೆ ಇದು ಸಾಕು.

ಮೈಮೇಲೆ

ಜಾಲರಿ ಮುಖಗವಚ ಮತ್ತು ಕಿವಿಮುಚ್ಚುಗ ಇರುವ ಹೆಲ್ಮೆಟ್, ಉಕ್ಕಿನ ಮುಂಗಾಲಿನ ಬೂಟು, ಹಿಡಿತ ಜಾರದ ಕೈಗವಸು. ಎಂಜಿನ್ ಸದ್ದು 100 ಡೆಸಿಬಲ್ ದಾಟುತ್ತದೆ, ಆದ್ದರಿಂದ ಕಿವಿಗೆ ಹತ್ತಿ ತುರುಕಿಕೊಂಡರೆ ಸಾಲದು. ಕಾಲಿಗೆ ಚೈನ್ ಸಾ ಪ್ಯಾಂಟೇ ಬೇಕು. ಅದರೊಳಗೆ ಉದ್ದುದ್ದ ನೂಲಿನ ಪದರಗಳಿರುತ್ತವೆ. ಹಲ್ಲು ಬಟ್ಟೆಗೆ ತಗುಲಿದೊಡನೆ ಆ ನೂಲು ಹೊರಬಂದು ಚೈನನ್ನು ತಿರುಗಿಸುವ ಹಲ್ಲುಗಾಲಿಗೆ (ಸ್ಪ್ರಾಕೆಟ್) ಸುತ್ತಿಕೊಂಡು ಚೈನನ್ನು ನಿಲ್ಲಿಸುತ್ತದೆ. ಎಷ್ಟೇ ದಪ್ಪದ ಜೀನ್ಸ್ ಆದರೂ ಈ ಕೆಲಸ ಮಾಡಲಾರದು. ಒಮ್ಮೆ ಚೈನು ತಗುಲಿ ಹರಿದ ಪ್ಯಾಂಟನ್ನು ಹೊಲಿದು ಮತ್ತೆ ತೊಡಬಾರದು, ನೂಲಿನ ಪದರ ಹೊಲಿಗೆಗೆ ಸಿಕ್ಕಿಕೊಂಡರೆ ಹೊರಬರುವುದೇ ಇಲ್ಲ. ಜೋತಾಡುವ ಬಟ್ಟೆ, ಬಿಚ್ಚಿದ ಕೂದಲು, ಕೊರಳಿನ ಶಾಲು ಯಾವುದೂ ಬೇಡ. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಇನ್ನೊಬ್ಬರು ಇರಲಿ, ಜೇಬಿನಲ್ಲಿ ರಕ್ತ ಒತ್ತಿ ಕಟ್ಟುವ ಬ್ಯಾಂಡೇಜ್ ಇರಲಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ದೂರದ ವಾಹನದಲ್ಲಿದ್ದರೆ ಪ್ರಯೋಜನವಿಲ್ಲ.

ಹಗ್ಗ ಎಳೆಯುವ ಮೊದಲು

ಸ್ವಿಚ್ ಆಫ್ ಇರಲಿ, ಕೈಗವಸು ಹಾಕಿಕೊಂಡು ಚೈನನ್ನು ನೋಡಿ. ಬಾರ್‌ನ ಕೆಳಬದಿಯಲ್ಲಿ ಚೈನು ಜೋತುಬೀಳದೆ ಅಂಟಿಕೊಂಡಿರಬೇಕು, ಆದರೂ ಕೈಯಿಂದ ಎಳೆದರೆ ಸಲೀಸಾಗಿ ಸುತ್ತಬೇಕು. ಮೇಲ್ಬದಿಯ ನಡುವಿನಲ್ಲಿ ಎತ್ತಿದಾಗ ಒಳಗಿನ ಕೊಂಡಿಗಳು ಬಾರ್‌ನ ಕಾಲುವೆಯಿಂದ ಪೂರ್ತಿ ಹೊರಬಂದರೆ ಅದು ಸಡಿಲ. ಬಿಗಿ ಮಾಡಲು ಬಾರ್‌ನ ನಟ್‌ಗಳನ್ನು ಬೆರಳಿನಲ್ಲಿ ತಿರುಗುವಷ್ಟು ಸಡಿಲಿಸಿ, ಬಾರ್‌ನ ತುದಿಯನ್ನು ಮೇಲಕ್ಕೆತ್ತಿ ಹಿಡಿದು, ಟೆನ್ಷನ್ ಸ್ಕ್ರೂ ತಿರುಗಿಸಿ. ತುದಿ ಎತ್ತಿದಂತೆಯೇ ನಟ್‌ಗಳನ್ನು ಗಟ್ಟಿ ಮಾಡಿ. ತುದಿ ಎತ್ತದೆ ಬಿಗಿ ಮಾಡಿದರೆ ಮೊದಲ ಕೊಯ್ತದಲ್ಲೇ ಬಾರ್ ಮೇಲಕ್ಕೆ ಸರಿದು ಚೈನು ಮತ್ತೆ ಜೋಲುತ್ತದೆ, ಕೊನೆಗೆ ಕಳಚುತ್ತದೆ. ಹೊಸ ಚೈನು ಮೊದಲ ಅರ್ಧ ಗಂಟೆಯಲ್ಲಿ ಬೇಗ ಹಿಗ್ಗುವುದರಿಂದ ಆಗಾಗ ನಿಲ್ಲಿಸಿ ನೋಡಬೇಕು. ಚೈನನ್ನು ಹೊಸದಾಗಿ ಹಾಕುವಾಗ ದಿಕ್ಕು ತಪ್ಪುವವರು ಬಹಳ: ಬಾರ್‌ನ ಮೇಲ್ಬದಿಯಲ್ಲಿ ಹಲ್ಲಿನ ಹರಿತವಾದ ಅಂಚು ತುದಿಯ ಕಡೆಗೆ ಮುಖ ಮಾಡಿರಬೇಕು.

ನಂತರ ಮುಂದಿನ ಕೈಗವಚ, ಅಂದರೆ ಚೈನ್ ಬ್ರೇಕಿನ ಹಿಡಿಕೆ, ಮುಂದಕ್ಕೆ ತಳ್ಳಿದಾಗ ಕಟ್ ಎಂದು ಕೂರಬೇಕು, ಹಿಂದಕ್ಕೆ ಎಳೆದಾಗ ಬಿಡಬೇಕು. ಬ್ರೇಕ್ ಹಾಕಿದಾಗ ಚೈನು ಕೈಯಿಂದ ಅಲುಗಬಾರದು. ಟ್ರಿಗರ್‌ನ ಮೇಲ್ಭಾಗದ ಲಾಕ್ ಒತ್ತದೆ ಟ್ರಿಗರ್ ಒಳಗೆ ಹೋಗಬಾರದು. ಕೆಳಗೆ, ಚೈನು ಒಳಹೋಗುವ ಕಡೆ ಇರುವ ಚಿಕ್ಕ ಚೈನ್ ಕ್ಯಾಚರ್ ಮುರಿದಿದೆಯೇ ನೋಡಿ. ಚೈನು ತುಂಡಾದರೆ ನಿಮ್ಮ ಬಲಗೈ ಉಳಿಸುವುದು ಅದೇ ತುಣುಕು. ಕೊನೆಗೆ ಎರಡೂ ಹಿಡಿಕೆ ಎಣ್ಣೆಯಿಲ್ಲದೆ ಒಣಗಿರಲಿ.

ಪೆಟ್ರೋಲು, ಎಣ್ಣೆ

ಟೂ ಸ್ಟ್ರೋಕ್ ಎಂಜಿನ್‌ಗೆ ಬೇರೆ ಆಯಿಲ್ ತೊಟ್ಟಿ ಇರುವುದಿಲ್ಲ, ಪೆಟ್ರೋಲಿನಲ್ಲಿ ಬೆರೆತ ಆಯಿಲ್ಲೇ ಪಿಸ್ಟನ್ನಿಗೆ ಆಧಾರ. ಈಗಿನ ಹೆಚ್ಚಿನ ಯಂತ್ರಗಳಿಗೆ 50:1, ಅಂದರೆ ಲೀಟರಿಗೆ 20 ಮಿ.ಲೀ., 5 ಲೀಟರಿಗೆ 100 ಮಿ.ಲೀ. ಕೈಪಿಡಿಯಲ್ಲಿ 25:1 ಎಂದಿದ್ದರೆ ಲೀಟರಿಗೆ 40 ಮಿ.ಲೀ. ಅಳೆಯುವ ಲೋಟ ಇಟ್ಟುಕೊಳ್ಳಿ, ಅಂದಾಜು ಬೇಡ. ಮೊದಲು ಅರ್ಧ ಪೆಟ್ರೋಲು, ಆಮೇಲೆ ಆಯಿಲ್, ಚೆನ್ನಾಗಿ ಕುಲುಕಿ, ಉಳಿದ ಪೆಟ್ರೋಲು ಸೇರಿಸಿ ಮತ್ತೆ ಕುಲುಕಿ. ಕ್ಯಾನಿನ ಮೇಲೆ ಅಳತೆ ಮತ್ತು ಬೆರೆಸಿದ ದಿನಾಂಕ ಬರೆಯಿರಿ. ಬರಿಯ ಪೆಟ್ರೋಲಿನ ಕ್ಯಾನು ಪಕ್ಕದಲ್ಲೇ ಇದ್ದರೆ ಯಾರಾದರೂ ಒಂದು ದಿನ ಅದನ್ನೇ ಸುರಿಯುತ್ತಾರೆ. ಆಯಿಲ್ ಇಲ್ಲದ ಪೆಟ್ರೋಲಿನಲ್ಲಿ ಓಡಿದ ಎಂಜಿನ್ ಕೆಲವೇ ನಿಮಿಷಗಳಲ್ಲಿ ಜಾಮ್ ಆಗುತ್ತದೆ.

ಬಿಸಿ ಎಂಜಿನ್ನಿಗೆ ಪೆಟ್ರೋಲು ತುಂಬಬೇಡಿ, ಹತ್ತು ನಿಮಿಷ ಆರಲಿ. ತುಂಬಿದ ಜಾಗದಿಂದ ಕನಿಷ್ಠ 3 ಮೀಟರ್ ದೂರ ಹೋಗಿ ಚಾಲೂ ಮಾಡಿ. ಸೈಲೆನ್ಸರ್ ಬಿಸಿಯಿರುವಾಗ ಯಂತ್ರವನ್ನು ಒಣಗಿದ ಎಲೆ, ಹುಲ್ಲಿನ ಮೇಲೆ ಇಡುವುದೂ ಬೆಂಕಿಗೆ ದಾರಿಯೇ.

ಪೆಟ್ರೋಲು ತುಂಬಿದಾಗಲೆಲ್ಲ ಬಾರ್ ಆಯಿಲ್ಲನ್ನೂ ತುಂಬಿ. ಎರಡು ತೊಟ್ಟಿಗಳ ಅಳತೆಯನ್ನು ಪೆಟ್ರೋಲು ಮೊದಲು ಮುಗಿಯುವಂತೆ ಮಾಡಿರುತ್ತಾರೆ. ಒಂದು ಟ್ಯಾಂಕ್ ಪೆಟ್ರೋಲು ಮುಗಿದರೂ ಬಾರ್ ಆಯಿಲ್ ಇಳಿದಿಲ್ಲ ಎಂದರೆ ಅದು ಉಳಿತಾಯವಲ್ಲ, ಎಣ್ಣೆ ರಂಧ್ರ ಕಟ್ಟಿಕೊಂಡಿದೆ. ಬಳಸಿ ತೆಗೆದ ಎಂಜಿನ್ ಆಯಿಲ್ ಬಾರ್‌ಗೆ ಬೇಡ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಚೈನಿಗೆ ಅಂಟಿ ನಿಲ್ಲುವುದೂ ಇಲ್ಲ, ಆ ಕಪ್ಪು ಎಣ್ಣೆ ಹನಿಹನಿಯಾಗಿ ನಿಮ್ಮ ಮೈಮೇಲೂ ಬೀಳುತ್ತದೆ.

ಚಾಲೂ ಮಾಡುವುದು

1. ಸಮತಟ್ಟಾದ ನೆಲದ ಮೇಲೆ ಇಡಿ. ಬಾರ್‌ಗೆ ಏನೂ ತಗುಲದಿರಲಿ. ಕವರ್ ತೆಗೆದು, ಚೈನ್ ಬ್ರೇಕ್ ಹಾಕಿ.
2. ಬಲಗಾಲಿನ ಬೂಟಿನ ತುದಿಯನ್ನು ಹಿಂದಿನ ಹಿಡಿಕೆಯೊಳಗೆ ತೂರಿಸಿ ಒತ್ತಿ. ಎಡಗೈ ಮುಂದಿನ ಹಿಡಿಕೆಯ ಮೇಲೆ, ತೋಳು ನೇರ.
3. ಎಂಜಿನ್ ತಣ್ಣಗಿದ್ದರೆ ಚೋಕ್ ಹಾಕಿ. ಹಗ್ಗವನ್ನು ಬಿಗಿ ಸಿಗುವವರೆಗೆ ನಿಧಾನಕ್ಕೆ ಎಳೆದು, ಅಲ್ಲಿಂದ ಜೋರಾಗಿ ಎಳೆಯಿರಿ. ಹಗ್ಗ ಕೈಬಿಟ್ಟು ಚಿಮ್ಮಲು ಬಿಡದೆ, ಹಿಡಿದೇ ಒಳಕ್ಕೆ ಹೋಗಗೊಡಿ.
4. ಎಂಜಿನ್ ಒಮ್ಮೆ ಡಬ್ ಎಂದು ಸದ್ದು ಮಾಡಿ ನಿಂತರೆ ಚೋಕ್ ತೆಗೆದು ಅರ್ಧ ರೇಸಿನ ಸ್ಥಾನಕ್ಕೆ ತಂದು ಮತ್ತೆ ಎಳೆಯಿರಿ. ಆ ಸದ್ದಾದ ಮೇಲೂ ಚೋಕ್‌ನಲ್ಲೇ ಎಳೆಯುತ್ತಾ ಹೋದರೆ ಪ್ಲಗ್ ಪೆಟ್ರೋಲಿನಲ್ಲಿ ತೊಯ್ದು ಎಂಜಿನ್ ಚಾಲೂ ಆಗುವುದಿಲ್ಲ.
5. ಚಾಲೂ ಆದಕೂಡಲೇ ಟ್ರಿಗರನ್ನು ಒಮ್ಮೆ ಒತ್ತಿ ಬಿಡಿ, ಅರ್ಧ ರೇಸ್ ಬಿಟ್ಟು ಐಡಲ್‌ಗೆ, ಅಂದರೆ ರೇಸ್ ಇಲ್ಲದ ನಿಧಾನ ಓಟಕ್ಕೆ, ಇಳಿಯುತ್ತದೆ. ಆಮೇಲೆ ಬ್ರೇಕ್ ಬಿಡಿ. ಬ್ರೇಕ್ ಹಾಕಿದಂತೆಯೇ ರೇಸ್ ಕೊಡುತ್ತಿದ್ದರೆ ಕ್ಲಚ್ ಸುಡುತ್ತದೆ.

ಒಂದು ಕೈಯಲ್ಲಿ ಯಂತ್ರ ಕೆಳಕ್ಕೆ ಬಿಡುತ್ತಾ ಇನ್ನೊಂದರಲ್ಲಿ ಹಗ್ಗ ಎಳೆಯುವುದು ನೋಡಲು ಚೆಂದ, ನುರಿತವರೇ ಹೆಚ್ಚು ಮಾಡುವುದು. ಆ ಕ್ಷಣ ಓಡುವ ಚೈನು ಒಂದೇ ಕೈಯ ಹಿಡಿತದಲ್ಲಿ ತೊಡೆಯ ಪಕ್ಕ ತೂಗುತ್ತಿರುತ್ತದೆ.

ಚಾಲೂ ಆದ ಮೇಲೆ ಮೂರು ಪರೀಕ್ಷೆ. ಐಡಲ್‌ನಲ್ಲಿ ಚೈನು ನಿಂತಿರಬೇಕು. ತೆವಳುತ್ತಿದ್ದರೆ ಐಡಲ್ ಸ್ಕ್ರೂ ಎಡಕ್ಕೆ ತಿರುಗಿಸಿ ಇಳಿಸಿ, ಆಗಲೂ ನಿಲ್ಲದಿದ್ದರೆ ಕ್ಲಚ್ ಸ್ಪ್ರಿಂಗ್ ನೋಡಿಸಬೇಕು. ಎರಡನೆಯದು, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಪೂರ್ತಿ ರೇಸ್ ಕೊಟ್ಟು, ಹಿಡಿತ ಬಿಡದೆ ಎಡ ಮಣಿಕಟ್ಟಿನಿಂದ ಬ್ರೇಕ್ ತಳ್ಳಿದರೆ ಚೈನು ತಕ್ಷಣ ನಿಲ್ಲಬೇಕು. ನಿಂತ ಕೂಡಲೇ ರೇಸ್ ಬಿಡಿ. ಮೂರನೆಯದು, ಬಾರ್ ತುದಿಯನ್ನು ತಿಳಿಬಣ್ಣದ ಮರದ ಕಡೆಗೆ ಒಂದು ಗೇಣು ದೂರ ಹಿಡಿದು ರೇಸ್ ಕೊಟ್ಟಾಗ ಎಣ್ಣೆಯ ಸಣ್ಣ ಗೆರೆ ಮೂಡಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅಂದಿನ ಕೆಲಸ ಮುಂದಕ್ಕೆ ಹಾಕುವುದೇ ಸರಿ.

ಹಿಡಿತ, ನಿಲುವು, ಕೊಯ್ತ

ಬಲಗೈ ಹಿಂದಿನ ಹಿಡಿಕೆ, ಎಡಗೈ ಮುಂದಿನದು. ಎಡಗೈಯವರಿಗೂ ಇದೇ ಕ್ರಮ, ಯಂತ್ರವನ್ನು ಹೀಗೆ ಹಿಡಿಯಲೆಂದೇ ಮಾಡಿದ್ದಾರೆ. ಎಡಗೈ ಹೆಬ್ಬೆರಳು ಹಿಡಿಕೆಯ ಕೆಳಗಿನಿಂದ ಸುತ್ತಿರಬೇಕು. ಹೆಬ್ಬೆರಳು ಮೇಲಿದ್ದರೆ ಯಂತ್ರ ಚಿಮ್ಮಿದಾಗ ಕೈ ಜಾರಿ ಚೈನಿನ ಮೇಲೇ ಹೋಗುತ್ತದೆ. ಕಾಲುಗಳು ಅಗಲ, ಎಡಗಾಲು ಸ್ವಲ್ಪ ಮುಂದೆ, ತಲೆ ಮತ್ತು ಮೈ ಬಾರ್‌ನ ನೇರಕ್ಕೆ ಬಾರದೆ ಅದರ ಎಡಕ್ಕೆ. ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯಬೇಡಿ, ಏಣಿಯ ಮೇಲಿಂದಂತೂ ಬೇಡವೇ ಬೇಡ.

ಬಾರ್ ತುದಿಯ ಮೇಲಿನ ಕಾಲುಭಾಗವೇ ಅಪಾಯದ ಜಾಗ. ಅಲ್ಲಿ ಹಲ್ಲು ಕೆಳಮುಖವಾಗಿ ಬಾಗುವ ತಿರುವಿನಲ್ಲಿರುತ್ತದೆ. ಅದು ಮರಕ್ಕೆ ಕಚ್ಚಿಕೊಂಡರೆ ಚೈನು ಮುಂದೆ ಹೋಗಲಾರದೆ ಇಡೀ ಬಾರನ್ನೇ ಮೇಲಕ್ಕೆ, ಹಿಂದಕ್ಕೆ ಎತ್ತಿ ಒಗೆಯುತ್ತದೆ. ನೀವು ಕೊಯ್ಯುತ್ತಿರುವ ದಿಮ್ಮಿಗಿಂತ ಅದರ ಹಿಂದೆ ಮರೆಯಾಗಿರುವ ಇನ್ನೊಂದು ಕೊಂಬೆಗೆ ತುದಿ ತಗುಲುವುದೇ ಹೆಚ್ಚು. ಹಾಗಾಗಿ ಕೊಯ್ಯುವ ಮೊದಲು ಆಚೆ ಬದಿಗೆ ಹೋಗಿ ನೋಡಿ, ತೆರವು ಮಾಡಿ. ಬಾರ್‌ನ ಕೆಳಬದಿಯಿಂದ ಕೊಯ್ದರೆ ಯಂತ್ರ ಮುಂದಕ್ಕೆ ಎಳೆಯುತ್ತದೆ, ಮೇಲ್ಬದಿಯಿಂದ ಕೊಯ್ದರೆ ನಿಮ್ಮ ಕಡೆಗೆ ದೂಡುತ್ತದೆ. ಹೊಸಬರು ಕೆಳಬದಿಯನ್ನೇ ಬಳಸಲಿ, ಎಂಜಿನ್ ಮುಂದಿನ ಮುಳ್ಳುಪಟ್ಟಿಯನ್ನು ಮರಕ್ಕೆ ಊರಿ, ಮರಕ್ಕೆ ತಗುಲುವ ಮೊದಲೇ ಪೂರ್ತಿ ರೇಸ್ ಕೊಟ್ಟು ಇಳಿಸಲಿ.

ದಿಮ್ಮಿ ಹೇಗೆ ಕೂತಿದೆ ಎಂಬುದು ಕೊಯ್ಯುವ ಬದಿಯನ್ನು ನಿರ್ಧರಿಸುತ್ತದೆ. ಎರಡೂ ತುದಿ ಆಧಾರದ ಮೇಲಿದ್ದು ನಡುಭಾಗದ ಕೆಳಗೆ ಆಧಾರವಿಲ್ಲದಿದ್ದರೆ ಮೇಲ್ಭಾಗ ಒತ್ತಡದಲ್ಲಿರುತ್ತದೆ: ಮೊದಲು ಮೇಲಿನಿಂದ ಮೂರನೇ ಒಂದು ಭಾಗ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ಮುಗಿಸಿ. ಒಂದು ತುದಿ ಮಾತ್ರ ಆಧಾರದಲ್ಲಿದ್ದು ಇನ್ನೊಂದು ಗಾಳಿಯಲ್ಲಿದ್ದರೆ ಅದಕ್ಕೆ ತಿರುವುಮುರುವು: ಮೊದಲು ಕೆಳಗಿನಿಂದ ಮೂರನೇ ಒಂದು, ಆಮೇಲೆ ಮೇಲಿನಿಂದ. ತಪ್ಪಿದರೆ ಬಾರ್ ಇಕ್ಕಳದಲ್ಲಿ ಸಿಕ್ಕಂತೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ದಿಮ್ಮಿ ಉದ್ದುದ್ದಕ್ಕೆ ಸೀಳುತ್ತದೆ. ಸಿಕ್ಕಿಕೊಂಡರೆ ಎಂಜಿನ್ ಆಫ್ ಮಾಡಿ, ಪ್ಲಾಸ್ಟಿಕ್ ಅಥವಾ ಮರದ ಬೆಣೆ ಹೊಡೆದು ಸಂದು ಅಗಲಿಸಿ ತೆಗೆಯಿರಿ. ಕಬ್ಬಿಣದ ಬೆಣೆ ಹಲ್ಲಿಗೆ ತಗುಲಿದರೆ ಚೈನು ಹೋಯಿತು. ನೆಲಕ್ಕೆ ಮಲಗಿದ ದಿಮ್ಮಿಯನ್ನು ಮುಕ್ಕಾಲು ಆಳಕ್ಕೆ ಕೊಯ್ದು, ಉರುಳಿಸಿ, ಉಳಿದದ್ದನ್ನು ಇನ್ನೊಂದು ಬದಿಯಿಂದ ಮುಗಿಸಬೇಕು. ಓಡುವ ಚೈನು ಒಮ್ಮೆ ಮಣ್ಣು ಮುಟ್ಟಿದರೆ ಸಾಕು, ಹಲ್ಲು ಮೊಂಡಾಗುತ್ತದೆ.

ಎರಡು ಹೆಜ್ಜೆ ಸರಿಯುವುದಾದರೂ ಬ್ರೇಕ್ ಹಾಕಿ. ಅದಕ್ಕಿಂತ ದೂರಕ್ಕೆ ಎಂಜಿನ್ ಆಫ್, ಬಾರ್ ಹಿಂದಕ್ಕೆ, ಸೈಲೆನ್ಸರ್ ಮೈಯಿಂದ ಆಚೆಗೆ.

ಹಲ್ಲು ಅರೆಯುವುದು

ಹರಿತವಾದ ಚೈನು ಮರದಿಂದ ಚಕ್ಕೆ ಎತ್ತುತ್ತದೆ, ಮೊಂಡಾದದ್ದು ನುಣ್ಣನೆಯ ಹುಡಿ ಉದುರಿಸುತ್ತದೆ. ಯಂತ್ರವನ್ನು ಒತ್ತಬೇಕಾಗಿ ಬಂದರೆ, ಕೊಯ್ತದಿಂದ ಹೊಗೆ ಬಂದರೆ ಅರೆಯುವ ಸಮಯ ಮೀರಿದೆ. ಮೊಂಡು ಚೈನಿನಲ್ಲಿ ಅಪಾಯ ಹೆಚ್ಚು: ಒತ್ತಡ ಹಾಕುತ್ತೀರಿ, ಕೊಯ್ತ ಮುಗಿದ ಕ್ಷಣ ಆ ಒತ್ತಡದಲ್ಲೇ ಯಂತ್ರ ಕಾಲಿನ ಕಡೆಗೆ ಜಾರುತ್ತದೆ.

ದುಂಡನೆಯ ಅರದ ದಪ್ಪ ಚೈನಿನ ಪಿಚ್‌ಗೆ, ಅಂದರೆ ಇಂಚಿನಲ್ಲಿ ಹೇಳುವ ಕೊಂಡಿಗಳ ಅಂತರಕ್ಕೆ, ಹೊಂದಬೇಕು. 3/8 ಲೋ ಪ್ರೊಫೈಲ್ ಚೈನಿಗೆ 4.0 ಮಿ.ಮೀ., .325 ಪಿಚ್‌ಗೆ 4.8 ಮಿ.ಮೀ., ಪೂರ್ಣ ಗಾತ್ರದ 3/8ಕ್ಕೆ ತಯಾರಕರ ಪ್ರಕಾರ 5.2 ಅಥವಾ 5.5 ಮಿ.ಮೀ. ಬಾರನ್ನು ವೈಸ್‌ನಲ್ಲಿ ಕಚ್ಚಿಸಿ, ಬ್ರೇಕ್ ಹಾಕಿ, ಹೆಚ್ಚಿನ ಚೈನುಗಳಿಗೆ ಹೊಂದುವ 30 ಡಿಗ್ರಿ ಓರೆಯಲ್ಲಿ, ಹಲ್ಲಿನ ಒಳಗಿನಿಂದ ಹೊರಕ್ಕೆ ಮಾತ್ರ ಅರೆಯಿರಿ. ಹಿಂದಕ್ಕೆ ಎಳೆಯುವಾಗ ಅರವನ್ನು ಎತ್ತಿ. ಅರದ ದಪ್ಪದ ಐದನೇ ಒಂದು ಭಾಗ ಹಲ್ಲಿನ ಮೇಲ್ಮೈಯಿಂದ ಹೊರಗೆ ಕಾಣುತ್ತಿರಲಿ. ಎಲ್ಲಕ್ಕಿಂತ ಚಿಕ್ಕದಾಗಿ ಸವೆದ ಹಲ್ಲನ್ನು ಮೊದಲು ಅರೆದು, ಉಳಿದೆಲ್ಲವನ್ನೂ ಅದರ ಉದ್ದಕ್ಕೆ ತನ್ನಿ. ಹಲ್ಲಿಗೆ ಇಂತಿಷ್ಟೇ ಸಲ ಎಂದು ಎಣಿಸಿ ಅರೆಯುವುದು ಒಳ್ಳೆಯದು. ಬಲಗೈಯವರು ಒಂದು ಬದಿಯನ್ನು ತಿಳಿಯದೆಯೇ ಜೋರಾಗಿ ಅರೆಯುತ್ತಾರೆ, ಆಗ ಕೊಯ್ತ ಒಂದೇ ಕಡೆಗೆ ಬಾಗುತ್ತದೆ.

ಬಹಳ ಮಂದಿ ಮರೆಯುವುದು ಹಲ್ಲಿನ ಮುಂದಿರುವ ಗಿಡ್ಡ ಗುಬ್ಬಿಯನ್ನು. ಹಲ್ಲು ಎಷ್ಟು ಆಳ ಕಚ್ಚಬೇಕೆಂದು ನಿರ್ಧರಿಸುವುದು ಅದು. ಅರೆದಂತೆಲ್ಲ ಹಲ್ಲು ಗಿಡ್ಡಾಗುತ್ತದೆ, ಗುಬ್ಬಿ ಹಾಗೇ ಉಳಿದು ಹಲ್ಲನ್ನು ಮರ ಮುಟ್ಟಗೊಡುವುದಿಲ್ಲ. ಮೂರ್ನಾಲ್ಕು ಸಲ ಅರೆದ ಮೇಲೆ ಒಮ್ಮೆ ಗೇಜ್ ಇಟ್ಟು, ಹೊರಗೆ ಕಂಡಷ್ಟನ್ನು ಚಪ್ಪಟೆ ಅರದಲ್ಲಿ ತೆಗೆಯಿರಿ. ಹಲ್ಲಿನ ಮೇಲ್ಮೈಗೂ ಗುಬ್ಬಿಗೂ ಸಾಮಾನ್ಯ ಅಂತರ 0.65 ಮಿ.ಮೀ. ಕಣ್ಣಂದಾಜಿನಲ್ಲಿ ತೆಗೆದು ಗುಬ್ಬಿ ತೀರಾ ತಗ್ಗಿದರೆ ಚೈನು ಎಗರಿ ಕಚ್ಚುತ್ತದೆ, ಚಿಮ್ಮುವ ಅಪಾಯ ಹೆಚ್ಚುತ್ತದೆ. ಹಲ್ಲಿನ ಉದ್ದ 4 ಮಿ.ಮೀ.ಗೆ ಇಳಿದರೆ ಚೈನು ಬದಲಿಸಿ.

ಎತ್ತಿಡುವುದು

ಬಿಸಿಯಲ್ಲಿ ಹಿಗ್ಗಿದ ಚೈನನ್ನು ಕೆಲಸದ ನಡುವೆ ಬಿಗಿ ಮಾಡಿದ್ದರೆ, ಮುಗಿದ ಕೂಡಲೇ ಸಡಿಲಿಸಿ. ಆರಿದಾಗ ಅದು ಕುಗ್ಗಿ ಬಾರನ್ನು ಹಿಂಡುತ್ತದೆ, ಕ್ರ್ಯಾಂಕ್‌ನ ಬೇರಿಂಗ್ ಮೇಲೆ ಭಾರ ಹಾಕುತ್ತದೆ. ಪ್ರತಿ ದಿನದ ಕೊನೆಗೆ ಪಕ್ಕದ ಕವರ್ ತೆಗೆದು ಎಣ್ಣೆ ಬೆರೆತ ಹೊಟ್ಟನ್ನು ಕೆರೆದು ತೆಗೆಯಿರಿ. ಬ್ರೇಕಿನ ಪಟ್ಟಿಯ ಸುತ್ತ ಅದು ಗಟ್ಟಿಯಾದರೆ ಬ್ರೇಕ್ ಹಿಡಿಯುವುದು ತಡವಾಗುತ್ತದೆ. ಸಿಲಿಂಡರಿನ ರೆಕ್ಕೆಗಳ ನಡುವೆ ತುಂಬಿದ್ದನ್ನು ಮರದ ಕಡ್ಡಿಯಿಂದ ತೆಗೆಯಿರಿ, ಇಲ್ಲದಿದ್ದರೆ ಎಂಜಿನ್ ಕಾಯುತ್ತದೆ. ಏರ್ ಫಿಲ್ಟರನ್ನು ಬ್ರಷ್ಷಿನಿಂದ ಉಜ್ಜಿ, ತೊಳೆಯುವಂಥದಾದರೆ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಯಂತ್ರಕ್ಕೆ ಪೈಪಿನಿಂದ ನೀರು ಹೊಡೆಯಬೇಡಿ.

ಮರುವಾರ ಮತ್ತೆ ಬಳಸುವುದಾದರೆ ಇಷ್ಟು ಸಾಕು. ಒಂದು ತಿಂಗಳು ಮೀರಿ ಇಡುವುದಾದರೆ ಪೆಟ್ರೋಲು ತೆಗೆಯಲೇಬೇಕು. ಎಥನಾಲ್ ಬೆರೆತ ಪೆಟ್ರೋಲು ಗಾಳಿಯ ತೇವ ಹೀರುತ್ತದೆ. ತೇವ ಒಂದು ಮಿತಿ ಮೀರಿದರೆ ನೀರು, ಎಥನಾಲ್ ಎರಡೂ ತಳದಲ್ಲಿ ಬೇರೆಯಾಗಿ ನಿಲ್ಲುತ್ತವೆ, ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಪೆಟ್ರೋಲ್ ಹೀರುವ ಫಿಲ್ಟರ್ ಕೂತಿರುವುದು ತಳದಲ್ಲಿ, ಎಂಜಿನ್ನಿಗೆ ಹೋಗುವುದು ಆಯಿಲ್ ಇಲ್ಲದ ಆ ನೀರು. ಗಾಳಿಯಾಡುವ ಬಯಲಿನಲ್ಲಿ ಟ್ಯಾಂಕ್ ಖಾಲಿ ಮಾಡಿ, ಆಮೇಲೆ ಚಾಲೂ ಮಾಡಿ ತಾನಾಗಿ ನಿಲ್ಲುವವರೆಗೆ ಐಡಲ್‌ನಲ್ಲಿ ಬಿಡಿ. ಹಾಗೆ ಮಾಡದೆ ಇಟ್ಟರೆ ಕಾರ್ಬೊರೇಟರಿನ ಡಯಾಫ್ರಮ್ (ಒಳಗಿನ ತೆಳು ಪೊರೆ) ಅಂಟಿಕೊಳ್ಳುತ್ತದೆ. ತೆಗೆದ ಹಳೆ ಪೆಟ್ರೋಲನ್ನು ಮಣ್ಣಿಗೆ, ಚರಂಡಿಗೆ ಸುರಿಯಬೇಡಿ.

ಎಂಜಿನ್ ಆರಿದ ಮೇಲೆ ಪ್ಲಗ್ ಬಿಚ್ಚಿ, ಆ ರಂಧ್ರದಲ್ಲಿ ಒಂದು ಚಿಕ್ಕ ಚಮಚದಷ್ಟು ಟೂ ಸ್ಟ್ರೋಕ್ ಆಯಿಲ್ ಹಾಕಿ, ಬಟ್ಟೆ ಮುಚ್ಚಿ, ಹಗ್ಗವನ್ನು ಎರಡು ಮೂರು ಸಲ ನಿಧಾನಕ್ಕೆ ಎಳೆಯಿರಿ. ಸ್ವಿಚ್ ಆಫ್ ಇರಲಿ, ಪ್ಲಗ್ಗಿನ ವೈರು ರಂಧ್ರದಿಂದ ದೂರವಿರಲಿ, ಒಳಗಿನ ಆವಿಗೆ ಕಿಡಿ ತಗುಲಬಾರದು. ಪ್ಲಗ್ ಮತ್ತೆ ಹಾಕಿ.

ಬಾರ್, ಚೈನು ಬಿಚ್ಚಿ. ಚೈನಿಗೆ ಅಂಟಿದ ರಾಳವನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ತೆಗೆದು, ಒಣಗಿಸಿ, ಬಾರ್ ಆಯಿಲ್ಲಿನಲ್ಲಿ ನೆನೆಸಿಡಿ. ಅರೆಯುವುದಿದ್ದರೆ ಈಗಲೇ ಅರೆದುಬಿಡಿ, ಮುಂದಿನ ಸಲ ತುರ್ತಿನಲ್ಲಿ ಅರೆಯಲು ಯಾರಿಗೂ ಪುರುಸೊತ್ತಿರುವುದಿಲ್ಲ. ಬಾರ್‌ನ ಕಾಲುವೆಯನ್ನು ತೆಳುವಾದ ತಗಡಿನಿಂದ ಕೆರೆದು, ಎಣ್ಣೆ ರಂಧ್ರಕ್ಕೆ ತಂತಿ ತೂರಿಸಿ, ಅಂಚುಗಳಲ್ಲಿ ಎದ್ದ ಮುಳ್ಳನ್ನು ಚಪ್ಪಟೆ ಅರದಿಂದ ಸಮ ಮಾಡಿ. ಮತ್ತೆ ಕೂರಿಸುವಾಗ ಬಾರನ್ನು ತಲೆಕೆಳಗು ಮಾಡಿ ಹಾಕಿದರೆ ಎರಡೂ ಬದಿ ಸಮನಾಗಿ ಸವೆಯುತ್ತದೆ.

ನಿಂತ ಯಂತ್ರದ ಕೆಳಗೆ ಎಣ್ಣೆ ಜಿನುಗಿದರೆ ಗಾಬರಿ ಬೇಡ. ಬಾರ್‌ನಲ್ಲಿ ಉಳಿದದ್ದು, ಬಿಸಿಗೆ ತೊಟ್ಟಿಯಿಂದ ತಳ್ಳಿಸಿಕೊಂಡದ್ದು ಹೀಗೆ ಇಳಿಯುತ್ತದೆ. ಅಡಿಗೆ ತಟ್ಟೆ ಇಡಿ, ಇಲ್ಲವೇ ದೀರ್ಘಕಾಲಕ್ಕೆ ಆ ತೊಟ್ಟಿಯನ್ನೂ ಖಾಲಿ ಮಾಡಿ. ಸಸ್ಯಜನ್ಯ ಬಾರ್ ಆಯಿಲ್ ಬಳಸುವವರು ಖಾಲಿ ಮಾಡಲೇಬೇಕು, ಅದು ಗೋಂದಾಗಿ ಪಂಪನ್ನು ಕಟ್ಟುತ್ತದೆ. ಜಾಗ ಒಣಗಿರಬೇಕು, ನೆಲದಿಂದ ಮೇಲಿರಬೇಕು, ಬೀಗ ಹಾಕುವಂತಿರಬೇಕು. ಬಾರ್‌ಗೆ ಕವರ್ ಹಾಕಿ. ಗೊಬ್ಬರ, ಉಪ್ಪು ಇಡುವ ಕೋಣೆ ಬೇಡ, ಅವುಗಳಿಂದ ಲೋಹ ತುಕ್ಕು ಹಿಡಿಯುತ್ತದೆ. ಪೆಟ್ರೋಲ್ ಕ್ಯಾನನ್ನು ಒಲೆ, ಹೀಟರ್, ಕಿಡಿ ಹಾರುವ ಮೋಟಾರಿನಿಂದ ದೂರದ ಬೇರೆ ಜಾಗದಲ್ಲಿಡಿ.

ಬ್ಯಾಟರಿ ಯಂತ್ರವಾದರೆ ಪೆಟ್ರೋಲಿನ ರಗಳೆಯಿಲ್ಲ, ಚೈನು, ಬಾರ್, ಎಣ್ಣೆಯ ಕೆಲಸವೆಲ್ಲ ಹಾಗೇ ಇದೆ. ಸದ್ದಿಲ್ಲದ್ದರಿಂದ ಯಂತ್ರ ಆಫ್ ಆಗಿದೆ ಎಂಬ ಭ್ರಮೆ ಹುಟ್ಟುತ್ತದೆ, ಆದ್ದರಿಂದ ಚೈನು ಮುಟ್ಟುವ ಮುನ್ನ ಬ್ಯಾಟರಿ ಹೊರತೆಗೆಯಿರಿ. ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜಿನಲ್ಲಿ, ಬಿಸಿಲು ಬೀಳದ ಒಣ ಜಾಗದಲ್ಲಿ ಬೇರೆಯಾಗಿ ಇಡಿ. ಪೂರ್ತಿ ಇಳಿದ ಬ್ಯಾಟರಿ ತಿಂಗಳುಗಟ್ಟಲೆ ಹಾಗೇ ಇದ್ದರೆ ಮತ್ತೆ ಚಾರ್ಜ್ ಹಿಡಿಯದಿರಬಹುದು.

ಬಹಳ ದಿನದ ಮೇಲೆ ಪೆಟ್ರೋಲ್ ಯಂತ್ರವನ್ನು ಹೊರತೆಗೆದಾಗ ಹೊಸದಾಗಿ ಬೆರೆಸಿದ ಪೆಟ್ರೋಲೇ ಹಾಕಿ. ಮೊದಲ ಕೆಲ ನಿಮಿಷ ಹೊಗೆ ಹೆಚ್ಚಿರುತ್ತದೆ, ಅದು ಸಿಲಿಂಡರಿಗೆ ಹಾಕಿದ ಆಯಿಲ್. ಚಾಲೂ ಆಗದಿದ್ದರೆ ಪ್ಲಗ್ ಬಿಚ್ಚಿ ನೋಡಿ. ಒದ್ದೆಯಾಗಿದ್ದರೆ ಸ್ವಿಚ್ ಆಫ್ ಮಾಡಿ, ಚೋಕ್ ತೆಗೆದು, ಪ್ಲಗ್ ಇಲ್ಲದೆ ಐದಾರು ಸಲ ಹಗ್ಗ ಎಳೆದು, ಪ್ಲಗ್ ಒರೆಸಿ, ತುದಿಯ ಸಂದು 0.5 ಮಿ.ಮೀ. ಇದೆಯೇ ನೋಡಿ ಹಾಕಿ. ಒಣಗಿದ್ದರೆ ಪೆಟ್ರೋಲು ಮೇಲೆ ಬರುತ್ತಿಲ್ಲ. ಟ್ಯಾಂಕಿನೊಳಗಿನ ಫಿಲ್ಟರನ್ನು ಕೊಕ್ಕೆಯಿಂದ ಹೊರಗೆಳೆದು ಬದಲಿಸಿ. ಅದಾದ ಮೇಲೂ ಪ್ಲಗ್ ಒಣಗಿಯೇ ಇದ್ದರೆ ಕಾರ್ಬೊರೇಟರಿನ ಡಯಾಫ್ರಮ್ ಕಿಟ್ ಹಾಕಿಸಬೇಕು.